ಲಕ್ಕಿ ಬಿದಿರಿನ ಪ್ರವರ

ಹಿಂದೊಂದು ಶಿಕ್ಷಕರ ದಿನಾಚರಣೆಯ ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಮನೆಗೆ ಬಂದಿದ್ದ. ಈಗ ಅವನ ತಲೆಯಲ್ಲೂ ಬೆಳ್ಳಿಗೂದಲು. ಕೈಯಲ್ಲಿ ಒಂದು ಗಾಜಿನ ಲೋಟ, ಲೋಟದ ತುಂಬ ಬಣ್ಣದ ಕಲ್ಲುಗಳು, ನಾಲ್ಕು ಬೆರಳು ನೀರು, ಕೆಂಪು ರಿಬ್ಬನ್ನಿನಲ್ಲಿ ಒಟ್ಟುಗೂಡಿಸಿ ಕಟ್ಟಿದ ಮೂರು ಹಸುರು ಕಡ್ಡಿಗಳು. "ಲಕ್ಕಿ ಬ್ಯಾಂಬೂ ಸಾರ್. ಮೂರು ಕಡ್ಡಿಯದು ಮನೆಗೆ ಒಳ್ಳೆಯದಂತೆ. ಟೀವಿ ಪಕ್ಕ ಇಟ್ಕೊಳ್ಳಿ" ಎಂದ.

ಊರಿನಿಂದ ಬಂದಿದ್ದ ನಮ್ಮ ದೊಡ್ಡಕ್ಕ ನಡುಮನೆಯಿಂದಲೇ ಈ ಮಾತನ್ನು ಕೇಳಿಸಿಕೊಂಡು, "ಲಕ್ಕಿ ಗಿಡವೇನಪ್ಪ? ಅದನ್ನ ಬೇಲೀಲಿ ಹಾಕ್ತಾರೆ, ಟೀವಿ ಪಕ್ಕ ಯಾರಿಡ್ತಾರೆ?" ಎಂದಳು. ನಾವಿಬ್ಬರೂ ನಕ್ಕೆವು. ಹಳ್ಳಿಯಲ್ಲಿ ಬೆಳೆದವರಿಗೆ ಲಕ್ಕಿ ಎಂದರೆ ಹೊಲದ ಬದುವಿನಲ್ಲಿ ತಾನೇ ತಾನಾಗಿ ಬೆಳೆಯುವ, ನೇರಿಳೆ ಹೂವಿನ, ಕಟುವಾಸನೆಯ ಎಲೆಯ ಪೊದೆ. ನೆಗಡಿಯಾದರೆ ಆ ಸೊಪ್ಪನ್ನು ಕುದಿಸಿ ಹಬೆ ತೆಗೆದುಕೊಳ್ಳುತ್ತಿದ್ದೆವು. ಕಾಳಿನ ಮಡಕೆಗೆ ಅದೇ ಸೊಪ್ಪು. ಸಂಜೆ ದನದ ಕೊಟ್ಟಿಗೆಯಲ್ಲಿ ಸೊಳ್ಳೆ ಓಡಿಸಲು ಅದರದೇ ಹೊಗೆ. ಅಕ್ಕನ ಲಕ್ಕಿಗೂ ಶಿಷ್ಯನ ಲಕ್ಕಿಗೂ ಏನೇನೂ ಸಂಬಂಧವಿಲ್ಲವೆಂದೇ ಅಂದು ತಿಳಿದಿದ್ದೆ. ಮುಂದಿನ ಮಳೆಗಾಲದಲ್ಲಿ ಇಬ್ಬರ ನಡುವೆ ಒಂದು ವಿಚಿತ್ರ ನಂಟಿರುವುದು ತಿಳಿಯಿತು. ಅದನ್ನು ಹೇಳುವ ಮೊದಲು ಈ ಲೋಟದ ಗಿಡದ ಕುಲಗೋತ್ರವನ್ನು ಸ್ವಲ್ಪ ವಿಚಾರಿಸಬೇಕಾಗಿದೆ. ಮೂವತ್ತು ಚಿಲ್ಲರೆ ವರ್ಷ ಇತಿಹಾಸ ಪಾಠ ಹೇಳಿದವನಿಗೆ ಮನೆಗೆ ಬಂದ ಅತಿಥಿಯ ಪ್ರವರ ಕೇಳದೆ ನಿದ್ದೆ ಬರುವುದಿಲ್ಲ.

ಮೊದಲನೆಯದಾಗಿ, ಇದು ಬಿದಿರೇ ಅಲ್ಲ. ಬಿದಿರು ಹುಲ್ಲಿನ ವಂಶದ್ದು. ಭತ್ತ, ರಾಗಿ, ಕಬ್ಬುಗಳ ದಾಯಾದಿ. ಅದರ ಗಳು ಒಳಗೆ ಟೊಳ್ಳು. ಲಕ್ಕಿ ಬಿದಿರಿನ ಕಡ್ಡಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಒಳಗೆಲ್ಲ ತಿರುಳು ತುಂಬಿರುತ್ತದೆ. ಹೊರಗೆ ಗೆಣ್ಣಿನಂತೆ ಕಾಣುವ ಬಳೆಗಳು ಎಲೆ ಉದುರಿದ ಗುರುತುಗಳಷ್ಟೆ. ಸಸ್ಯಶಾಸ್ತ್ರಜ್ಞರು ಇದನ್ನು ಡ್ರಸೀನ ಸ್ಯಾಂಡೆರಿಯಾನ ಎಂದು ಕರೆಯುತ್ತಾರೆ, ಶತಾವರಿಯ ಕುಟುಂಬಕ್ಕೆ ಸೇರಿಸುತ್ತಾರೆ. ಕಾಂಪೌಂಡಿನ ಪಕ್ಕ ಕತ್ತಿಯಂತೆ ಎದ್ದು ನಿಲ್ಲುವ ಸ್ನೇಕ್ ಪ್ಲಾಂಟನ್ನು ನೀವೆಲ್ಲ ನೋಡಿರುತ್ತೀರಿ. ಅದು ಇದರ ಹತ್ತಿರದ ಬಂಧು. ಡ್ರಸೀನ ಎಂಬುದು ಗ್ರೀಕ್ ಮೂಲದ ಪದ, ಹೆಣ್ಣು ಡ್ರ್ಯಾಗನ್ ಎಂದು ಅರ್ಥ. ಇದೇ ಕುಲದ ಕೆಲವು ಮರಗಳು, ಮುಖ್ಯವಾಗಿ ಅರಬ್ಬೀ ಸಮುದ್ರದ ಸೊಕೋತ್ರ ದ್ವೀಪದವು, ಗಾಯಗೊಂಡರೆ ಕೆಂಪು ಅಂಟನ್ನು ಸುರಿಸುತ್ತವೆ. ಪ್ರಾಚೀನ ವರ್ತಕರು ಅದನ್ನು ಡ್ರ್ಯಾಗನ್ ರಕ್ತವೆಂದು ಹೇಳಿ ಮಾರುತ್ತಿದ್ದರು. ವ್ಯಾಪಾರಕ್ಕಾಗಿ ಗಿಡಕ್ಕೆ ಬಣ್ಣದ ಹೆಸರು ಕಟ್ಟುವ ಕಲೆ ಇಂದಿನದಲ್ಲ!

ಇನ್ನು ಇದರ ತವರು. ಎಲ್ಲರೂ ಚೀನಾ ಎಂದುಕೊಂಡಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ವಾಸ್ತವವಾಗಿ ಇದು ಕ್ಯಾಮರೂನ್ ಮತ್ತು ಅದರ ಸುತ್ತಲಿನ ಪಶ್ಚಿಮ-ಮಧ್ಯ ಆಫ್ರಿಕದ ಮಳೆಕಾಡಿನ ಗಿಡ. ಅಲ್ಲಿ ದೊಡ್ಡ ಮರಗಳ ನೆರಳಿನಲ್ಲಿ, ಬಿಸಿಲು ಅಲ್ಲೊಂದು ಇಲ್ಲೊಂದು ಹನಿಯಂತೆ ಬೀಳುವ ನೆಲಮಟ್ಟದಲ್ಲಿ ಇದರ ವಾಸ. ನಮ್ಮ ಮನೆಗಳ ಮಬ್ಬು ಬೆಳಕಿನ ಮೂಲೆಯಲ್ಲೂ ಸಾಯದೆ ಬದುಕುವ ಗುಣ ಬಂದದ್ದು ಅಲ್ಲಿಂದ. ಅದೃಷ್ಟ ಎಂದು ನಾವು ಹೇಳುವುದು ಬಹುಮಟ್ಟಿಗೆ ಈ ಸಹಿಷ್ಣುತೆಯೇ.

ಸ್ಯಾಂಡೆರಿಯಾನ ಎಂಬ ಹೆಸರಿನ ಹಿಂದೆ ಒಬ್ಬ ವ್ಯಾಪಾರಿ ಇದ್ದಾನೆ: ಫ್ರೆಡರಿಕ್ ಸ್ಯಾಂಡರ್. 1847ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಹರೆಯದಲ್ಲೇ ಇಂಗ್ಲೆಂಡಿಗೆ ಬಂದು, ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಊರಿನಲ್ಲಿ ಬೀಜದ ಅಂಗಡಿಯಿಂದ ಆರಂಭಿಸಿ, ಹತ್ತಾರು ಗಾಜಿನ ಮನೆಗಳ ಒಡೆಯನಾಗಿ ಬೆಳೆದವನು. ವಿಕ್ಟೋರಿಯಾ ರಾಣಿಯ ಆರ್ಕಿಡ್ ಬೆಳೆಗಾರನೆಂಬ ಬಿರುದೂ ಅವನಿಗೆ ಸಂದಿತ್ತು. ಅಂದಿನ ಇಂಗ್ಲೆಂಡಿನ ಸಿರಿವಂತರಿಗೆ ಆರ್ಕಿಡ್ ಹುಚ್ಚು. ಆ ಹುಚ್ಚಿಗೆ ಮೇವು ಒದಗಿಸಲು ಸ್ಯಾಂಡರ್ ಜಗತ್ತಿನ ಮೂಲೆಮೂಲೆಗೆ ಸಂಗ್ರಾಹಕರನ್ನು ಕಳುಹಿಸುತ್ತಿದ್ದ. ಜ್ವರ, ಹಡಗು ದುರಂತ, ಕಾಡಿನ ಅಪಾಯಗಳಲ್ಲಿ ಸತ್ತವರು ಎಷ್ಟೋ ಮಂದಿ. ಅವನ ಸಂಗ್ರಾಹಕ ಮಿಕೋಲಿಟ್ಸ್ ಎಂಬಾತ ಕಷ್ಟಪಟ್ಟು ಕೂಡಿಸಿದ ಗಿಡಗಳು ಹಡಗಿನೊಂದಿಗೆ ಸುಟ್ಟುಹೋದವೆಂದು ತಂತಿ ಕಳುಹಿಸಿದಾಗ, ಮರಳಿ ಹೋಗಿ ಮತ್ತೆ ಸಂಗ್ರಹಿಸು ಎಂದು ಒಡೆಯನಿಂದ ಮರುತಂತಿ ಬಂತಂತೆ. ಮರದ ತುದಿಯ ಆರ್ಕಿಡ್ ಕೀಳಲು ಮರವನ್ನೇ ಉರುಳಿಸುತ್ತಿದ್ದ ಕಾಲವದು. ಇಂದು ನಾವು ಪಾಠಪುಸ್ತಕಗಳಲ್ಲಿ ವಸಾಹತುಶಾಹಿಯೆಂದರೆ ಹತ್ತಿ, ನೀಲಿ, ಅಫೀಮು ಎಂದು ಬರೆಯುತ್ತೇವೆ. ಬೈಠಕ್ಕಿನ ಹೂಕುಂಡವನ್ನು ಮರೆಯುತ್ತೇವೆ.

ನಮ್ಮ ಗಿಡ ಸ್ಯಾಂಡರನ ಗಾಜಿನ ಮನೆಗೆ ಸೇರಿ ಹೆಸರು ಪಡೆದದ್ದು 1890ರ ದಶಕದ ಆರಂಭದಲ್ಲಿ. ಕ್ಯಾಮರೂನ್ ಆಗ ಜರ್ಮನಿಯ ವಶದಲ್ಲಿತ್ತು, 1884ರಿಂದ. ತೋಟಗಾರಿಕೆಯ ಪ್ರಸಿದ್ಧ ವಾರಪತ್ರಿಕೆ ನಡೆಸುತ್ತಿದ್ದ ಮ್ಯಾಕ್ಸ್‌ವೆಲ್ ಮಾಸ್ಟರ್ಸ್ ಎಂಬ ಸಸ್ಯವಿಜ್ಞಾನಿ ಇದನ್ನು ಲೋಕಕ್ಕೆ ಪರಿಚಯಿಸಿದ. ಅಂದು ಜನ ಮೆಚ್ಚಿದ್ದು ಎಲೆಯ ಅಂಚಿನಲ್ಲಿ ಬಿಳಿಯ ಪಟ್ಟಿಯಿದ್ದ ಬಗೆಯನ್ನು. ಪೂರ್ತಿ ಹಸುರಾದ ಕಡ್ಡಿ ಇಷ್ಟು ದೊಡ್ಡ ವ್ಯಾಪಾರವಾದೀತೆಂದು ಸ್ಯಾಂಡರ್ ಕನಸಿನಲ್ಲೂ ಎಣಿಸಿರಲಾರ. ಅವನು 1920ರಲ್ಲಿ ತೀರಿಕೊಂಡ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಉಪ್ಪುಗಾಳಿಯ ಸಮುದ್ರದಲ್ಲಿ ವಾರಗಟ್ಟಲೆ ಪ್ರಯಾಣಿಸಿ ಜೀವಂತ ಗಿಡ ಲಂಡನ್ ತಲುಪುತ್ತಿದ್ದುದು ಹೇಗೆ? ಅದಕ್ಕೆ ಕಾರಣ ಒಂದು ಗಾಜಿನ ಸೀಸೆ. 1829ರಲ್ಲಿ ಲಂಡನ್ನಿನ ವೈದ್ಯ ನಥೇನಿಯಲ್ ವಾರ್ಡ್ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನೊಂದಿಗೆ ಮುಚ್ಚಿದ ಸೀಸೆಯಲ್ಲಿಟ್ಟಿದ್ದ. ಅದರಲ್ಲಿ ಅವನು ನೆಡದೆಯೇ ಜರೀಗಿಡವೊಂದು ಮೊಳೆಯಿತು. ಅದೇ ಜರೀಗಿಡ ಅವನ ಹಿತ್ತಿಲಿನಲ್ಲಿ ಲಂಡನ್ನಿನ ಹೊಗೆಗೆ ಬದುಕುತ್ತಿರಲಿಲ್ಲ. ಎಲೆಯಿಂದ ಹೊರಬಂದ ನೀರಾವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಹೊರಗಿನ ನೀರೇ ಬೇಕಿರಲಿಲ್ಲ. 1833ರಲ್ಲಿ ಅವನು ಇಂಥ ಎರಡು ಗಾಜಿನ ಪೆಟ್ಟಿಗೆಗಳನ್ನು ಸಿಡ್ನಿಗೆ ಕಳುಹಿಸಿದ, ಗಿಡಗಳು ಜೀವಂತವಾಗಿ ತಲುಪಿದವು. ಮುಂದೆ ರಾಬರ್ಟ್ ಫಾರ್ಚೂನ್ ಚೀನಾದಿಂದ ಚಹಾ ಗಿಡಗಳನ್ನು ಗುಟ್ಟಾಗಿ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು, ಸಿಂಕೋನ ನೀಲಗಿರಿಗೆ ಬಂದದ್ದು ಎಲ್ಲ ಈ ವಾರ್ಡ್ ಪೆಟ್ಟಿಗೆಯ ಮಹಿಮೆ. 1845ರಲ್ಲಿ ಇಂಗ್ಲೆಂಡ್ ಗಾಜಿನ ಮೇಲಿನ ತೆರಿಗೆಯನ್ನು ರದ್ದುಪಡಿಸಿದ ಮೇಲಂತೂ ಗಾಜಿನ ಮನೆಗಳು ಅಣಬೆಯಂತೆ ಎದ್ದವು. 1851ರ ಕ್ರಿಸ್ಟಲ್ ಪ್ಯಾಲೆಸ್ ಕಟ್ಟಡದ ವಿನ್ಯಾಸಕಾರ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟದ ಮಾಲಿ.

ಶಾಲಾ ಪ್ರವಾಸದಲ್ಲಿ ನಿಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸಿದ್ದ ಲಾಲ್‌ಬಾಗಿನ ಗಾಜಿನ ಮನೆ ನೆನಪಿದೆಯೇ? 1889ರ ನವೆಂಬರ್ 30ರಂದು ಯುವರಾಜ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಇಟ್ಟ. ತೋಟದ ಉಸ್ತುವಾರಿ ಆಗ ಜಾನ್ ಕ್ಯಾಮರೂನ್ ಎಂಬ ಅಧಿಕಾರಿಯದು. (ದೇಶದ ಹೆಸರಿಗೂ ಇವರ ಹೆಸರಿಗೂ ಸಂಬಂಧವಿಲ್ಲ, ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕವಿಲ್ಲ.) ಅಂದು ನಾನು ಕ್ರಿಸ್ಟಲ್ ಪ್ಯಾಲೆಸ್ಸಿನ ಹೆಸರು ಹೇಳಿ ಮುಂದೆ ನಡೆದಿದ್ದೆ. ಒಂದು ಸೀಸೆ, ಒಂದು ಜರೀಗಿಡದ ಕಥೆಯನ್ನು ಆಗ ಹೇಳಿದ್ದರೆ ಹಿಂದಿನ ಸಾಲಿನವರು ಕಡಲೆಕಾಯಿ ತಿನ್ನುವುದನ್ನು ಬಿಟ್ಟು ಕೇಳುತ್ತಿದ್ದರೋ ಏನೋ.

ಆಫ್ರಿಕದ ಗಿಡ ಚೀನೀಯರ ಅದೃಷ್ಟದ ಬಿದಿರಾದ ಬಗೆ ಇನ್ನೂ ಸ್ವಾರಸ್ಯಕರ. ಚೀನೀಯರಿಗೆ ನಿಜವಾದ ಬಿದಿರೆಂದರೆ ಬರಿಯ ಗಿಡವಲ್ಲ. ಬಿದಿರು ಬಾಗುತ್ತದೆ, ಮುರಿಯುವುದಿಲ್ಲ; ಚಳಿಗಾಲದಲ್ಲೂ ಹಸುರು; ಒಳಗೆ ಟೊಳ್ಳು, ಅಂದರೆ ಅಹಂಕಾರವಿಲ್ಲ. ಪ್ಲಮ್, ಆರ್ಕಿಡ್, ಸೇವಂತಿಗೆಗಳ ಜೊತೆ ಸೇರಿಸಿ ಇದನ್ನು ನಾಲ್ವರು ಸಜ್ಜನರಲ್ಲಿ ಒಬ್ಬನೆಂದು ಅಲ್ಲಿಯ ಕವಿಗಳೂ ಚಿತ್ರಕಾರರೂ ಗೌರವಿಸಿದರು. 11ನೆಯ ಶತಮಾನದ ಕವಿ, ಅಧಿಕಾರಿ ಸು ಶಿ ಬಿದಿರಿನ ಚಿತ್ರಗಳಿಗೂ ಹೆಸರಾದವನು. ಪಟಾಕಿಗೆ ಅವರ ಭಾಷೆಯಲ್ಲಿರುವ ಹಳೆಯ ಪದದ ಅರ್ಥ ಸಿಡಿಯುವ ಬಿದಿರು. ಮದ್ದು ಬರುವ ಮೊದಲು ಹಸಿಬಿದಿರನ್ನು ಬೆಂಕಿಗೆ ಹಾಕಿ, ಅದು ಸಿಡಿಯುವ ಸದ್ದಿನಿಂದ ದುಷ್ಟಶಕ್ತಿಗಳನ್ನು ಓಡಿಸುತ್ತಿದ್ದರು. ಇಷ್ಟೆಲ್ಲ ಪುಣ್ಯ ಸಂಪಾದಿಸಿದ್ದ ಹೆಸರು ಬಿದಿರಿನಂತೆ ಕಾಣುವ ಒಂದು ಅಗ್ಗದ ಗಿಡಕ್ಕೆ ಸುಲಭವಾಗಿ ಒಲಿಯಿತು. ಅದನ್ನು ಚೀನೀ ಭಾಷೆಯಲ್ಲಿ ಫು ಗುಯ್ ಝು ಎನ್ನುತ್ತಾರೆ: ಐಶ್ವರ್ಯ, ಅಂತಸ್ತು, ಬಿದಿರು.

ಕಡ್ಡಿಗಳ ಲೆಕ್ಕವೂ ಹೀಗೆಯೇ, ಶಬ್ದದ ಆಟ. ನಾಲ್ಕು ಎಂಬ ಪದದ ಉಚ್ಚಾರ ಸಾವು ಎಂಬ ಪದಕ್ಕೆ ಹತ್ತಿರ, ಆದುದರಿಂದ ನಾಲ್ಕು ಕಡ್ಡಿಗಳನ್ನು ಯಾರೂ ಕೊಡುವುದಿಲ್ಲ. ಎಂಟರ ಉಚ್ಚಾರ ಏಳಿಗೆಯನ್ನು ನೆನಪಿಸುತ್ತದೆ. ಬೀಜಿಂಗ್ ಒಲಿಂಪಿಕ್ಸ್ 2008ರ ಎಂಟನೆಯ ತಿಂಗಳ ಎಂಟನೆಯ ದಿನ ರಾತ್ರಿ ಎಂಟು ಗಂಟೆಗೆ ಆರಂಭವಾದದ್ದು ಇದೇ ನಂಬಿಕೆಯಿಂದ. ಮೂರು ಕಡ್ಡಿ ಎಂದರೆ ಸುಖ, ಸಂಪತ್ತು, ದೀರ್ಘಾಯುಷ್ಯ. ಕನ್ನಡದಲ್ಲಿ ಈ ಯಾವ ಶಬ್ದವೂ ಹೀಗೆ ಧ್ವನಿಸುವುದಿಲ್ಲ. ಹಾಗಿದ್ದೂ ನಮ್ಮ ಅಂಗಡಿಯವನು ಮೂರರದಕ್ಕೊಂದು ಬೆಲೆ, ಎಂಟರದಕ್ಕೊಂದು ಬೆಲೆ ಹೇಳುತ್ತಾನೆ!

ನಮ್ಮಲ್ಲಿ ಬಿದಿರಿನ ಕಥೆಯೇ ಬೇರೆ. ತೊಟ್ಟಿಲಿಗೂ ಬಿದಿರು, ಗೌರಿ ಹಬ್ಬದ ಬಾಗಿನದ ಮೊರಕ್ಕೂ ಬಿದಿರು, ಕೊನೆಯ ಪಯಣದ ಚಟ್ಟಕ್ಕೂ ಬಿದಿರು. ಶುಭ ಅಶುಭ ಎರಡನ್ನೂ ಹೊರುವ ಗಿಡವದು. ಬಿದಿರು ಹೂ ಬಿಟ್ಟರೆ ಬರಗಾಲ ಎಂದು ಹಿರಿಯರು ಹೇಳುತ್ತಿದ್ದರು. ಈ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ ಮಿಜೋರಂ ನೋಡಬೇಕು. ಅಲ್ಲಿಯ ಬಿದಿರು ಸುಮಾರು 48 ವರ್ಷಗಳಿಗೊಮ್ಮೆ ಒಟ್ಟಿಗೇ ಹೂಬಿಟ್ಟು ಸಾಯುತ್ತದೆ. ರಾಶಿರಾಶಿಯಾಗಿ ಉದುರುವ ಬೀಜ ತಿಂದು ಇಲಿಗಳು ಹೆಚ್ಚುತ್ತವೆ, ಬೀಜ ಮುಗಿದೊಡನೆ ಗದ್ದೆಗೆ ನುಗ್ಗುತ್ತವೆ. 1958–59ರ ಅಂಥ ಕ್ಷಾಮದಲ್ಲಿ ಪರಿಹಾರ ಕಾರ್ಯಕ್ಕೆಂದು ಹುಟ್ಟಿದ ಸಂಘಟನೆಯೇ ಮುಂದೆ ಲಾಲ್‌ಡೆಂಗಾ ಅವರ ನಾಯಕತ್ವದಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಗಿ 1966ರಲ್ಲಿ ಸಶಸ್ತ್ರ ಬಂಡಾಯ ಎದ್ದಿತು. ಒಪ್ಪಂದವಾಗಿ ಮಿಜೋರಂ ರಾಜ್ಯವಾದದ್ದು 1987ರಲ್ಲಿ. ಬಿದಿರಿನ ಹೂವಿನಿಂದ ಒಂದು ರಾಜ್ಯದವರೆಗೆ! ಇದನ್ನು ಬೇರೆ ಲೇಖನದಲ್ಲಿ ವಿಸ್ತಾರವಾಗಿ ಬರೆಯುವೆ.

ಲೋಟದ ಗಿಡಕ್ಕೆ ಮರಳೋಣ. 20ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಫೆಂಗ್ ಶೂಯಿಯ ಗಾಳಿ ಜಗತ್ತಿನಾದ್ಯಂತ ಬೀಸಿತು. ಫೆಂಗ್ ಎಂದರೆ ಗಾಳಿ, ಶೂಯಿ ಎಂದರೆ ನೀರು. ನಮ್ಮ ಊರುಗಳಲ್ಲಿ ವಾಸ್ತುವಿನವರ ಪಕ್ಕದಲ್ಲೇ ನಗುವ ಬುದ್ಧ, ಮೂರು ಕಾಲಿನ ಕಪ್ಪೆ, ನಾಣ್ಯದ ಸರ, ಇವುಗಳ ಜೊತೆ ಈ ಕಡ್ಡಿಯೂ ಬಂತು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ, ಅದರಲ್ಲೂ ಝಾನ್‌ಜಿಯಾಂಗ್ ಸುತ್ತಮುತ್ತ, ರೈತರು ಹೊಲಗಟ್ಟಲೆ ಇದನ್ನು ಬೆಳೆಯುತ್ತಾರೆ. ಸುರುಳಿ ಸುತ್ತಿದ ಕಡ್ಡಿಗಳನ್ನು ಕಂಡು, ಕೈಯಿಂದ ತಿರುಚಿರಬೇಕೆಂದು ನಾನು ತಿಳಿದಿದ್ದೆ. ಹಾಗಲ್ಲ. ಗಿಡಕ್ಕೆ ಒಂದೇ ಕಡೆಯಿಂದ ಬೆಳಕು ಬೀಳುವಂತೆ ಮಾಡಿ, ಅದು ಬೆಳಕಿನತ್ತ ಬಾಗಿದಂತೆ ಮೆಲ್ಲಮೆಲ್ಲನೆ ಸುತ್ತು ತಿರುಗಿಸುತ್ತಾರೆ. ಒಂದು ಸುರುಳಿಗೆ ತಿಂಗಳುಗಳೇ ಹಿಡಿಯುತ್ತವೆ. ಡಾರ್ವಿನ್ ತನ್ನ ಮಗ ಫ್ರಾನ್ಸಿಸನೊಡನೆ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ನಡೆಸಿ 1880ರಲ್ಲಿ ಪ್ರಕಟಿಸಿದ ತತ್ತ್ವವೇ ಇದು. ನಮ್ಮ ವಿಜ್ಞಾನದ ಮೇಷ್ಟ್ರು ರಟ್ಟಿನ ಡಬ್ಬಿಗೆ ತೂತು ಮಾಡಿ ಹುರುಳಿಕಾಳಿನ ಸಸಿಯಿಂದ ತೋರಿಸುತ್ತಿದ್ದುದೂ ಇದನ್ನೇ.

ಈಗ ಆ ಮಳೆಗಾಲದ ಮಾತು. ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆಯೊಬ್ಬಳು ಲಾರ್ವಾ ಸಮೀಕ್ಷೆಗೆ ಬಂದಳು. ತೊಟ್ಟಿ, ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲವನ್ನೂ ನೋಡಿದಳು. ನಾನು ಹೆಮ್ಮೆಯಿಂದ, "ನಮ್ಮ ಮನೇಲಿ ಏನೂ ಸಿಗೋದಿಲ್ಲಮ್ಮ" ಎಂದೆ. ಅವಳು ಟೀವಿಯ ಪಕ್ಕದ ಲೋಟವನ್ನು ಬೆಳಕಿಗೆ ಹಿಡಿದು, "ಇಲ್ಲಿ ನೋಡಿ ಸಾರ್" ಎಂದಳು. ಬಣ್ಣದ ಕಲ್ಲುಗಳ ನಡುವೆ ಹತ್ತೆಂಟು ಹುಳುಗಳು ತಲೆಕೆಳಗಾಗಿ ಕುಣಿಯುತ್ತಿದ್ದವು. ಅದೇ ವಾರ ಪಕ್ಕದ ಬೀದಿಯ ಒಂದು ಮಗು ಡೆಂಗಿಯಿಂದ ಆಸ್ಪತ್ರೆ ಸೇರಿತ್ತು. ಮಗು ಗುಣವಾಗಿ ಮನೆಗೆ ಬಂದ ಸುದ್ದಿ ಕೇಳುವವರೆಗೆ ನನಗೆ ಊಟ ಸೇರಲಿಲ್ಲ. ನನ್ನ ಲೋಟದ ಸೊಳ್ಳೆಯೇ ಕಾರಣವೆಂದು ಹೇಳಲಾಗದು. ಅಲ್ಲವೆಂದು ಹೇಳುವ ಧೈರ್ಯವೂ ನನಗಿರಲಿಲ್ಲ.

ಆಮೇಲೆ ಓದುತ್ತಾ ಹೋದಂತೆ ತಿಳಿದ ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ನನ್ನ ಮನೆಯಲ್ಲಿ ಆದದ್ದು ಜಗತ್ತಿನ ಮಟ್ಟದಲ್ಲಿ ಮೊದಲೇ ಆಗಿಹೋಗಿತ್ತು. ಬೇಡಿಕೆ ಕಡಿಮೆಯಿದ್ದಾಗ ಈ ಕಡ್ಡಿಗಳು ವಿಮಾನದಲ್ಲಿ ಒಣದಾಗಿ ಹೋಗುತ್ತಿದ್ದವು. ಬೇಡಿಕೆ ಏರಿದೊಡನೆ ಖರ್ಚು ಉಳಿಸಲು ಹಡಗಿಗೆ ಏರಿಸಿದರು. ವಾರಗಳ ಪ್ರಯಾಣದಲ್ಲಿ ಒಣಗದಂತೆ ಬುಡಕ್ಕೆ ನೀರು ನಿಲ್ಲಿಸಿದರು. 2001ರ ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸ್ ಬಂದರಿಗೆ ದಕ್ಷಿಣ ಚೀನಾದಿಂದ ಬಂದ ಲಕ್ಕಿ ಬಿದಿರಿನ ಕಂಟೇನರುಗಳಲ್ಲಿ ಜೀವಂತ ಹುಲಿಸೊಳ್ಳೆಗಳು ಸಿಕ್ಕವು. ಗಿಡಗಳನ್ನು ತರಿಸಿಕೊಂಡಿದ್ದ ನರ್ಸರಿಗಳಲ್ಲೂ ಅವು ಕಾಣಿಸಿಕೊಂಡವು. ಮೈಮೇಲೆ ಕಪ್ಪು ಬಿಳುಪಿನ ಪಟ್ಟೆಯ, ಹಗಲಿನಲ್ಲಿ ಕಚ್ಚುವ, ಡೆಂಗಿ ಮತ್ತು ಚಿಕುನ್‌ಗುನ್ಯ ಹರಡಬಲ್ಲ ಈಡಿಸ್ ಆಲ್ಬೊಪಿಕ್ಟಸ್ ಅದು. ಅಮೆರಿಕ ಸರ್ಕಾರ ಕೂಡಲೇ ನಿಂತ ನೀರಿನಲ್ಲಿ ಈ ಗಿಡ ತರುವುದನ್ನು ನಿಷೇಧಿಸಿತು. 2005ರಲ್ಲಿ ನೆದರ್ಲೆಂಡ್ಸಿನ ಗಾಜಿನ ಮನೆಗಳಲ್ಲೂ ಇದೇ ಕಥೆ. ನೀರಿನ ಬದಲು ಲೋಳೆಯಂಥ ಜೆಲ್ಲಿನಲ್ಲಿ ಬೇರನ್ನು ಇಟ್ಟು ಸಾಗಿಸುವ ಪದ್ಧತಿ ಬಂದದ್ದು ಈ ಅನಾಹುತದ ತರುವಾಯ. ಲಾಸ್ ಏಂಜಲೀಸಿನ ಹತ್ತಿರದ ಎಲ್ ಮಾಂಟೆಯಲ್ಲಿ 2011ರಲ್ಲಿ ಹುಲಿಸೊಳ್ಳೆ ಮತ್ತೆ ಕಂಡು, ಅಲ್ಲಿಯೇ ಬೇರೂರಿತು.

ಈ ಸೊಳ್ಳೆ ಅದಕ್ಕೂ ಮೊದಲು ಹಳೆಯ ಟಯರುಗಳಲ್ಲಿ ಹಡಗು ಹತ್ತಿ ಬೇರೆ ಬೇರೆ ದೇಶಗಳಿಗೆ ಹೋಗಿತ್ತು: 1979ರಲ್ಲಿ ಅಲ್ಬೇನಿಯಾದಲ್ಲಿ, 1985ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ, 1990ರಲ್ಲಿ ಇಟಲಿಯಲ್ಲಿ ಪತ್ತೆಯಾಯಿತು. ಇದಕ್ಕೆ ವಿಜ್ಞಾನದ ಹೆಸರು ಬಂದದ್ದು ನಮ್ಮ ಕಲ್ಕತ್ತೆಯಲ್ಲಿ, 1890ರ ದಶಕದಲ್ಲಿ, ಬಂಗಾಳದ ಪಟ್ಟೆಸೊಳ್ಳೆ ಎಂದು. ಅಂದರೆ ಗಿಡಕ್ಕೂ ಸೊಳ್ಳೆಗೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಾಮಕರಣ. ಇನ್ನೂ ಒಂದು ಮಾತಿದೆ. ಏಷ್ಯದ ಕಾಡುಗಳಲ್ಲಿ ಇದರ ಮೂಲನೆಲೆ ಯಾವುದು ಗೊತ್ತೇ? ಮರದ ಪೊಟರೆ, ಮತ್ತು ಕಡಿದುಳಿದ ಬಿದಿರಿನ ಬುಡದಲ್ಲಿ ನಿಂತ ಮಳೆನೀರು. ನಿಜವಾದ ಬಿದಿರಿನಲ್ಲಿ ಹುಟ್ಟಿದ ಸೊಳ್ಳೆ ಸುಳ್ಳು ಬಿದಿರನ್ನು ಹತ್ತಿ ಸಮುದ್ರ ದಾಟಿತು!

ಮಲೇರಿಯಾದ ಗುಟ್ಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಬಿಡಿಸಿದ ರೊನಾಲ್ಡ್ ರಾಸ್ ತರುಣ ವೈದ್ಯನಾಗಿ 1883ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿದ್ದ. ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳು ಕಂಡು ಅದನ್ನು ಬೋರಲು ಹಾಕಿಸಿದ. ಸೊಳ್ಳೆಗಳ ಕಾಟ ತಗ್ಗಿತು. ಮೆಸ್ಸಿನ ಊಟದ ಮೇಜಿನ ಕೆಳಗಿನ ಡಬ್ಬಿಗಳಲ್ಲೂ ಹೂದಾನಿಗಳಲ್ಲೂ ಅದೇ ಹುಳು. ಅವನ್ನೂ ಖಾಲಿ ಮಾಡಿಸೋಣವೆಂದರೆ, ಅಲ್ಲಿಯ ಅಧಿಕಾರಿ ಪ್ರಕೃತಿಯ ನಿಯಮಕ್ಕೆ ಅಡ್ಡಿಪಡಿಸಬಾರದೆಂದು ಹೀಯಾಳಿಸಿ ಒಪ್ಪಲಿಲ್ಲವೆಂದು ರಾಸ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಹೂದಾನಿಯ ಪಾಠ ಬೆಂಗಳೂರಿನಲ್ಲಿ ಬರೆಯಲ್ಪಟ್ಟು ಇಷ್ಟು ವರ್ಷವಾದರೂ ತುಮಕೂರಿನ ನನಗೆ ತಲುಪಿರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಗೊಟ್ಟ ಮನೆಗಳಿಗೂ ದಂಡ ವಿಧಿಸಲು ಅವಕಾಶ ಮಾಡಿತು.

ದೊಡ್ಡಕ್ಕನಿಗೆ ಈ ಕಥೆಯನ್ನೆಲ್ಲ ಫೋನಿನಲ್ಲಿ ಹೇಳಿದೆ. "ಅದಕ್ಕೇ ಹೇಳಿದ್ದು, ನಮ್ಮ ಲಕ್ಕಿ ಸೊಳ್ಳೆ ಓಡಿಸುತ್ತೆ, ನಿಮ್ಮ ಲಕ್ಕಿ ಸಾಕುತ್ತೆ" ಎಂದಳು.

ಗಿಡವನ್ನು ಎಸೆಯಲಿಲ್ಲ. ಕೊಟ್ಟವನ ಪ್ರೀತಿಯನ್ನು ತಿಪ್ಪೆಗೆ ಹಾಕಲಾಗುತ್ತದೆಯೇ? ಐದು ದಿನಕ್ಕೊಮ್ಮೆ ನೀರು ಬದಲಿಸತೊಡಗಿದೆ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ವಾರದಿಂದ ಹತ್ತು ದಿನ ಬೇಕು. ನೀರು ಚೆಲ್ಲಿದರೆ ಮಾತ್ರ ಸಾಲದು. ಮೊಟ್ಟೆಗಳು ನೀರಿನ ಮಟ್ಟದ ಮೇಲ್ಗಡೆ ಗಾಜಿಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಲೋಟದ ಒಳಮೈಯನ್ನೂ ಕಲ್ಲುಗಳನ್ನೂ ಚೆನ್ನಾಗಿ ಉಜ್ಜಬೇಕು.

ಸೊಳ್ಳೆ ಹೋಯಿತು, ಇನ್ನೊಂದು ತೊಂದರೆ ಶುರುವಾಯಿತು. ಎಲೆಗಳ ತುದಿ ಕಂದಾಗಿ ಸುಟ್ಟಂತೆ ಒಣಗತೊಡಗಿತು. ನಲ್ಲಿಯ ಕ್ಲೋರಿನ್ ಇರಬೇಕೆಂದು ನೀರನ್ನು ಒಂದು ರಾತ್ರಿ ತೆರೆದಿಟ್ಟು ಹಾಕಿದೆ; ಪ್ರಯೋಜನವಾಗಲಿಲ್ಲ. ನಮ್ಮ ಬಡಾವಣೆಗೆ ಬರುವುದು ಕೊಳವೆಬಾವಿಯ ನೀರು. ಡ್ರಸೀನ ಜಾತಿಯ ಗಿಡಗಳು ಫ್ಲೋರೈಡನ್ನು ಸಹಿಸುವುದಿಲ್ಲ. ನೀರಿನೊಡನೆ ಮೇಲೇರಿದ ಫ್ಲೋರೈಡ್ ಎಲೆಯ ತುದಿಯಲ್ಲಿ ಶೇಖರವಾಗಿ ಅಲ್ಲಿಯ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಲೋರಿನ್ ಗಾಳಿಗೆ ಹಾರಿಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ.

ಈ ಸಾಲುಗಳನ್ನು ಓದುವಾಗ ನನಗೆ ಗಿಡ ಮರೆತುಹೋಯಿತು. ಸೇವೆಯ ಆರಂಭದ ವರ್ಷಗಳಲ್ಲಿ ನಾನು ಪಾವಗಡ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಅಲ್ಲಿಯ ಎಷ್ಟೋ ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಎಂಟನೆಯ ತರಗತಿಯ ಒಬ್ಬ ಹುಡುಗನನ್ನು ಹೊಸದಾಗಿ ಹೋಗಿದ್ದ ನಾನು ಎಲ್ಲರೆದುರು ನಿಲ್ಲಿಸಿ, "ಹಲ್ಲು ಉಜ್ಜದೆ ಶಾಲೆಗೆ ಬರ್ತೀಯೇನೋ?" ಎಂದು ಗದರಿದ್ದೆ. ಅವನು ತಲೆ ತಗ್ಗಿಸಿ, "ಉಜ್ಜಿದೀನಿ ಸಾರ್" ಎಂದ. ನಾನು ನಂಬಲಿಲ್ಲ. ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಎಳವೆಯಲ್ಲೇ ನೀರಿನ ಫ್ಲೋರೈಡ್ ಆ ಗುರುತನ್ನು ಬರೆದಿರುತ್ತದೆ, ಎಷ್ಟು ಉಜ್ಜಿದರೂ ಹೋಗದು. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ, ಬೆನ್ನು ಬಾಗಿ ಕೀಲು ಬಿಗಿದ ರೈತರನ್ನು ಪರೀಕ್ಷಿಸಿ ವೈದ್ಯರು ಇದರ ಕಾರಣವನ್ನು 1937ರಲ್ಲಿಯೇ ಪ್ರಕಟಿಸಿದ್ದರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ, ಇದು ನಮ್ಮ ದೇಶದ ಮಿತಿ. ಬಿ.ಎಡ್. ಮುಗಿಸಿದ್ದ ನನಗೆ ಇದಾವುದೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲವೆನ್ನುವುದು ನೆಪ. ಊರಿನವರನ್ನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಆ ಹುಡುಗನ ಹೆಸರು ಇಲ್ಲಿ ಬರೆಯುವುದಿಲ್ಲ. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಆ ದಿನದ ಮಾತಿಗೆ ಮೇಷ್ಟ್ರು ಕ್ಷಮೆ ಕೇಳುತ್ತಿದ್ದಾರೆಂದು ತಿಳಿಯಲಿ.

ಈಗ ಮಾಳಿಗೆಯ ಮೇಲೆ ಬೀಳುವ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ಗಿಡಕ್ಕೆ ಮುಚ್ಚಳ ಹಾಕಿದ ಕ್ಯಾನಿನಲ್ಲಿ ಹಿಡಿದಿಡುತ್ತೇನೆ. ಹೊಸ ಎಲೆಗಳು ಶುಭ್ರವಾಗಿ ಬಂದಿವೆ. ಸುಟ್ಟ ತುದಿ ಮತ್ತೆ ಹಸುರಾಗುವುದಿಲ್ಲ, ಅದನ್ನು ಕತ್ತರಿಯಿಂದ ಓರೆಯಾಗಿ ತೆಗೆದೆ.

ಈ ಗಿಡದ ಸಂತಾನ ಹೆಚ್ಚಿಸುವುದು ಸುಲಭ, ಹಲವರು ಕೇಳಿದ್ದರಿಂದ ಬರೆಯುತ್ತೇನೆ. ಪಕ್ಕದ ಕುಡಿ ಒಂದು ಗೇಣು ಬೆಳೆದ ಮೇಲೆ ಗೆಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಕೆಳಗಿನ ಎಲೆಗಳನ್ನು ಬಿಡಿಸಿ, ಗೆಣ್ಣು ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ. ಬೇರು ಬರುವುದು ಗೆಣ್ಣಿನಿಂದಲೇ. ಕಿಟಕಿಯ ಬೆಳಕು ಸಾಕು, ನೇರ ಬಿಸಿಲು ಎಲೆಯನ್ನು ಸುಡುತ್ತದೆ. ಸುಮಾರು ಒಂದು ತಿಂಗಳಲ್ಲಿ ಕೇಸರಿ ಕೆಂಪಿನ ಬೇರುಗಳು ಕಾಣುತ್ತವೆ. ಕೊಳೆತದ್ದೆಂದು ಹೆದರಬೇಡಿ, ಅದರ ಬಣ್ಣವೇ ಹಾಗೆ. ಕತ್ತರಿಸಿದ ತಾಯಿಕಡ್ಡಿಯ ತುದಿಗೆ ಒಂದು ಹನಿ ಮೇಣ ಬಿಟ್ಟರೆ ಒಣಗುವುದಿಲ್ಲ, ಕೆಳಗಿನ ಗೆಣ್ಣಿನಿಂದ ಹೊಸ ಕುಡಿ ಒಡೆಯುತ್ತದೆ. ಕಡ್ಡಿ ಬುಡದಿಂದ ಹಳದಿಯಾದರೆ ಅದು ಉಳಿಯುವುದಿಲ್ಲ. ಹಸುರು ಉಳಿದಿರುವ ಮೇಲ್ಭಾಗವನ್ನು ತಡಮಾಡದೆ ಕತ್ತರಿಸಿ ಬೇರೆ ನೀರಿಗೆ ಹಾಕಬೇಕು. ಬೇರು ಬಂದ ಮೇಲೆ ಮಣ್ಣಿನ ಕುಂಡಕ್ಕೆ ಇಳಿಸುವುದೇ ನನಗೆ ಸರಿಯೆನಿಸುತ್ತದೆ: ಸೊಳ್ಳೆಯ ಚಿಂತೆಯಿಲ್ಲ, ಗಿಡವೂ ಪುಷ್ಟಿಯಾಗಿ ಬೆಳೆಯುತ್ತದೆ. ನಾಯಿ ಬೆಕ್ಕು ಸಾಕಿದವರು ಎತ್ತರದಲ್ಲಿಡಿ, ಅವು ತಿಂದರೆ ವಾಂತಿ ಮಾಡಿಕೊಳ್ಳುತ್ತವೆ. ಮನೆಯ ಗಾಳಿಯನ್ನು ಶುದ್ಧಮಾಡುತ್ತದೆಂದು ಮಾರುವವರು ಹೇಳುತ್ತಾರೆ. ಅಂಥ ಫಲ ಕಾಣಬೇಕಾದರೆ ಚದರ ಮೀಟರಿಗೆ ಕನಿಷ್ಠ ಹತ್ತು ಗಿಡಗಳಾದರೂ ಬೇಕೆಂದು 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಲೆಕ್ಕ ಹಾಕಿದೆ. ಆಗ ನಾವು ಮನೆಯ ಹೊರಗೆ ಮಲಗಬೇಕಾದೀತು.

ಶಿಷ್ಯ ಕೊಟ್ಟ ಮೂರು ಕಡ್ಡಿಗಳು ಈಗ ಏಳಾಗಿವೆ. ಎರಡು ಪಕ್ಕದ ಬೀದಿಯ ಆ ಮಗುವಿನ ಮನೆಗೆ ಹೋದವು, ಮಣ್ಣಿನ ಕುಂಡದಲ್ಲಿ. ಉಳಿದವುಗಳಲ್ಲಿ ಮೂರಕ್ಕೆ ಬೇರು ಬಂದಿದೆ. ಊರಿಗೆ ಬಂದಾಗ ಬೇಕಾದವರು ಬಂದು ಒಯ್ಯಬಹುದು. ಕುಂಡವನ್ನು ನೀವೇ ತರಬೇಕು, ಗಾಜಿನ ಲೋಟ ತಂದವರಿಗೆ ಕೊಡುವುದಿಲ್ಲ. ದೊಡ್ಡಕ್ಕ ಮುಂದಿನ ತಿಂಗಳು ಬರುವಾಗ ಊರಿನ ಬೇಲಿಯಿಂದ ಒಂದು ಲಕ್ಕಿ ಕೊಂಬೆಯನ್ನು ತರುತ್ತೇನೆಂದು ಹೇಳಿದ್ದಾಳೆ. ಗೇಟಿನ ಪಕ್ಕ ಗುಂಡಿ ತೋಡಿಸಿಟ್ಟಿದ್ದೇನೆ.